ಓಮ್ನಿಯ ಬ್ರೇಕ್ ಲೈಟ್ ಸರಿ ಮಾಡಿದ್ದು

ಗಾಡಿಯ ಹಿಂದಿನ ಲೈಟ್ ಹೋದರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಹೆಡ್‌ಲೈಟ್ ಹೋದರೆ ರಸ್ತೆ ಕಾಣುವುದಿಲ್ಲ, ಕೂಡಲೇ ತಿಳಿಯುತ್ತದೆ. ಇಂಡಿಕೇಟರಿನ ಬಲ್ಬ್ ಒಂದು ಹೋದರೆ ಟಿಕ್ ಟಿಕ್ ಶಬ್ದ ಒಮ್ಮೆಲೇ ವೇಗವಾಗುತ್ತದೆ. ಬ್ರೇಕ್ ಲೈಟಿಗೆ ಅಂಥದ್ದೇನೂ ಇಲ್ಲ. ನಮ್ಮ ಓಮ್ನಿಯಂಥ ಹಳೇ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ಹೇಳುವ ದೀಪವೂ ಇಲ್ಲ. ಹಿಂದಿನಿಂದ ಬರುವವರೇ ಹೇಳಬೇಕು.

ನನಗೆ ಹೇಳಿದವರು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಬ್ಬ ರಿಕ್ಷಾ ಡ್ರೈವರ್. ಅಡಿಕೆ ಕೊಟ್ಟು ಹೊರಟಿದ್ದೆ. ಮಳೆ ಸುರಿಯುತ್ತಿತ್ತು. ಮುಂದೆ ಬಸ್ ನಿಂತದ್ದರಿಂದ ನಾನೂ ನಿಲ್ಲಿಸಿದೆ. ಅವರು ರಿಕ್ಷಾವನ್ನು ಪಕ್ಕಕ್ಕೆ ತಂದು, ಟರ್ಪಾಲು ಸರಿಸಿ, "ಅಣ್ಣಾ, ನಿಮ್ಮ ಬಲಬದಿಯ ಬ್ರೇಕ್ ಲೈಟ್ ಹೊತ್ತುವುದಿಲ್ಲ. ಮಳೆ ಬೇರೆ ಉಂಟು, ಬೇಗ ಸರಿ ಮಾಡಿಸಿ" ಎಂದರು. ಅವರ ಬಟ್ಟೆ ಒದ್ದೆಯಾಯಿತು. ಹೇಳಲೇಬೇಕು ಅಂತ ಅವರಿಗೇನೂ ಇರಲಿಲ್ಲ. ಆದರೂ ಹೇಳಿದರು. ಆಮೇಲಿಂದ ನಾನೂ ಹಾಗೆ ಕಂಡರೆ ಹಾರ್ನ್ ಹಾಕಿ ಹೇಳುತ್ತೇನೆ.

ಒಂದು ಬದಿ ಉರಿಯುತ್ತದಲ್ಲ, ಸಾಕು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗುವ ರಸ್ತೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು. ಎರಡೂ ಬದಿ ತೋಟ, ಮರ. ಮಳೆಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು. ಬಲಬದಿ ಲೈಟ್ ಇಲ್ಲದ ವ್ಯಾನ್ ಹಿಂದಿನವನಿಗೆ ಎಡಬದಿಯ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಬೈಕ್ ಇರಬೇಕು ಅಂದುಕೊಂಡು ಬಲದಿಂದ ನುಗ್ಗಿದರೆ ನೇರ ವ್ಯಾನಿಗೇ ಬಂದು ಬಡಿಯುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಮುಂದಿನವನು ಬ್ರೇಕ್ ಹಾಕಿದ್ದು ತಿಳಿಯಲು ಒಂದು ಸೆಕೆಂಡ್ ತಡವಾದರೆ ಅಷ್ಟು ಜಾಗ ಹೋಯಿತು. ಇನ್ನು ತಲಪಾಡಿಯಿಂದ ಈಚೆಗೆ ಆರು ಪಥದ ಹೆದ್ದಾರಿ ಆದ ಮೇಲೆ ವೇಗ ಇನ್ನೂ ಜಾಸ್ತಿ. ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಇದೇ ಓಮ್ನಿಯಲ್ಲಿ, ಅದೇ ರಸ್ತೆಯಲ್ಲಿ.

ಕಾನೂನೂ ಸುಮ್ನೆ ಬರೆದದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಾಲ್ಕು ಚಕ್ರದ ಗಾಡಿಗೆ ಹಿಂದೆ ಎರಡು ಕೆಂಪು ದೀಪ ಇರಬೇಕು, ಅವು 155 ಮೀಟರ್ ದೂರದಿಂದ ಕಾಣಬೇಕು. ನಂಬರ್ ಪ್ಲೇಟಿಗೆ ಬಿಳಿ ಬೆಳಕು ಬಿದ್ದು 15 ಮೀಟರ್ ದೂರದಿಂದ ಓದಲಿಕ್ಕೆ ಬರಬೇಕು. ನಮ್ಮದು 2010ರ ಗಾಡಿ. ಹದಿನೈದು ವರ್ಷ ಆದಾಗ ಆರ್‌ಸಿ ರಿನ್ಯೂ ಮಾಡಿಸಿ ಉಳಿಸಿಕೊಂಡಿದ್ದೇವೆ. ಮಾರುತಿ ವ್ಯಾನ್ ಬಂದದ್ದೂ ಕಾಸರಗೋಡು ಪ್ರತ್ಯೇಕ ಜಿಲ್ಲೆ ಆದದ್ದೂ ಒಂದೇ ವರ್ಷ, 1984ರಲ್ಲಿ. ಓಮ್ನಿ ಎಂಬ ಹೆಸರು ಅದಕ್ಕೆ ಆಮೇಲೆ ಬಂತು. 2019ರಲ್ಲಿ ತಯಾರಿಕೆಯೂ ನಿಂತಿತು. ಆದರೆ ಅಡಿಕೆ ಗೋಣಿ, ಹಿಂಡಿ ಮೂಟೆ, ಮದುವೆಯ ಪಾತ್ರೆ, ಮನೆಯವರೆಲ್ಲರೂ ಹಿಡಿಸುವ ಇನ್ನೊಂದು ಗಾಡಿ ನಮ್ಮ ಕಿರಿದಾದ ರಸ್ತೆಗಳಿಗೆ ನನಗಿನ್ನೂ ಸಿಕ್ಕಿಲ್ಲ.

ಇದೇ ಬಲಬದಿಯ ಬಲ್ಬನ್ನು ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಬದಲಾಯಿಸಿ ಕೊಟ್ಟಿದ್ದರು. ಮಳೆಗಾಲ ಮುಗಿಯುವ ಮೊದಲೇ ಅದೂ ಹೋಗಿತ್ತು. ಆಗ ಅವರು ಹಾಕಿದ್ದು ಇನ್ನೊಂದು ಬಲ್ಬ್. ಯಾಕೆ ಹೋಯಿತು ಅಂತ ಯಾರೂ ನೋಡಲಿಲ್ಲ. ಹಾಗಾಗಿ ಈ ಸಲ ನಾನೇ ಬಿಚ್ಚುವುದು, ಕಾರಣ ಸಿಗುವವರೆಗೆ ಬಿಡುವುದಿಲ್ಲ ಅಂತ ನಿಶ್ಚಯಿಸಿದೆ.

ಮೊದಲು ನೋಡಬೇಕಾದ್ದು ಹೋದದ್ದು ಏನು ಎಂಬುದನ್ನು. ಎರಡೂ ಬದಿಯ ಬ್ರೇಕ್ ಲೈಟ್ ಒಟ್ಟಿಗೆ ಹೋಗಿದ್ದರೆ ಬಲ್ಬಿನ ತಂಟೆಗೆ ಹೋಗಬಾರದು. ಫ್ಯೂಸ್ ನೋಡಬೇಕು, ಅದು ಸರಿ ಇದ್ದರೆ ಬ್ರೇಕ್ ಪೆಡಲಿನ ಮೇಲೆ ಇರುವ ಸಣ್ಣ ಸ್ವಿಚ್ ನೋಡಬೇಕು. ಒಂದೇ ಬದಿ ಹೋಗಿದ್ದರೆ ಬಲ್ಬ್, ಹೋಲ್ಡರ್ ಅಥವಾ ವಯರು. ಮಗಳನ್ನು ಹಿಂದೆ ನಿಲ್ಲಿಸಿ ಪಾರ್ಕ್ ಲೈಟ್ ಹಾಕಿದೆ. ಎರಡೂ ಬದಿ ಉರಿಯಿತು. ಬ್ರೇಕ್ ಒತ್ತಿದೆ. ಎಡಬದಿ ಮಾತ್ರ ಜೋರಾಯಿತು. ಬಲದಲ್ಲಿ ಪಾರ್ಕ್ ಲೈಟಿನ ಮಂದ ಬೆಳಕು ಇದ್ದ ಹಾಗೇ ಇತ್ತು.

ಇದಕ್ಕೆ ಕಾರಣ ಬಲ್ಬಿನ ಒಳಗೇ ಇದೆ. ಪಾರ್ಕ್ ಲೈಟಿಗೂ ಬ್ರೇಕ್ ಲೈಟಿಗೂ ಬಲ್ಬ್ ಒಂದೇ, ಆದರೆ ಅದರಲ್ಲಿ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ಸಣ್ಣ ತಂತಿ. ಸಣ್ಣದು 5 ವಾಟ್, ರಾತ್ರಿ ಉರಿಯುತ್ತಾ ಇರುವುದು. ದೊಡ್ಡದು 21 ವಾಟ್, ಬ್ರೇಕ್ ಒತ್ತಿದಾಗ ಉರಿಯುವುದು. ನಮ್ಮದರಲ್ಲಿ ದೊಡ್ಡದು ತುಂಡಾಗಿದೆ ಅಂತ ಬಿಚ್ಚುವ ಮೊದಲೇ ಅಂದಾಜಾಯಿತು.

ನಮ್ಮ ಓಮ್ನಿಯ ಹಿಂದಿನ ಲೈಟಿನ ಕೆಂಪು ಹಳದಿ ಗ್ಲಾಸನ್ನು ಹೊರಗಿನಿಂದಲೇ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಸಾಕು. ಆದರೆ ಲೈಟ್ ಇರುವುದು ಕೆಳಗೆ, ಚಕ್ರದಿಂದ ಹಾರುವ ಕೆಸರು ನೇರ ಅಲ್ಲಿಗೇ. ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಬಲ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು. ಹಿಂದಿನ ರಾತ್ರಿಯೇ ಪ್ರತಿ ಸ್ಕ್ರೂವಿಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಸ್ಕ್ರೂಡ್ರೈವರನ್ನು ನೇರ ಇಟ್ಟು ಹಿಡಿಯ ಮೇಲೆ ಮೆಲ್ಲಗೆ ಒಂದೆರಡು ಪೆಟ್ಟು ಕೊಟ್ಟು, ಮೊದಲು ಸ್ವಲ್ಪ ಬಿಗಿಯುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ ತಿರುಗಿಸಿದೆ. ಬಂತು. ಇಷ್ಟು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಗ್ಲಾಸ್ ಬಹಳ ಸುಲಭವಾಗಿ ಒಡೆಯುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಎಬ್ಬಬಾರದು. ಅಂಚಿಗೆ ಉಗುರು ಕೊಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿದೆ.

ಒಳಗೆ ಕಂಡದ್ದನ್ನು ವಿವರವಾಗಿ ಹೇಳಬೇಕು. ಕೆಳಮೂಲೆಯಲ್ಲಿ ಅರ್ಧ ಚಮಚದಷ್ಟು ಕೆಂಪು ನೀರು ನಿಂತಿತ್ತು. ನೀರು ಹೊರಗೆ ಹೋಗಲಿ ಅಂತಲೇ ಅಡಿಯಲ್ಲಿ ಸಣ್ಣ ತೂತು ಇದೆ. ಅದಕ್ಕೆ ಕುಂಬಾರ ಹುಳ ಮಣ್ಣು ತುಂಬಿಸಿ ಗೂಡು ಕಟ್ಟಿತ್ತು. ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಚಪ್ಪಟೆಯಾಗಿ ಮೇಲಿನ ಒಂದು ಕಡೆ ಸೀಳಿತ್ತು. ಮೇಲಿನಿಂದ ನೀರು ಬರಲು ದಾರಿ ಉಂಟು, ಕೆಳಗಿನಿಂದ ಹೋಗಲು ಇಲ್ಲ. ಹೋಲ್ಡರಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಬಲ್ಬಿನ ಬುಡ ಅದರಲ್ಲಿ ಕಚ್ಚಿಕೊಂಡಿತ್ತು.

ಈ ಬಲ್ಬ್ ತಿರುಪಿನದ್ದಲ್ಲ. ಒಳಗೆ ಒತ್ತಿ, ಎಡಕ್ಕೆ ಸ್ವಲ್ಪ ತಿರುಗಿಸಿದರೆ ಸ್ಪ್ರಿಂಗೇ ಹೊರಗೆ ದೂಡುತ್ತದೆ. ಕಚ್ಚಿಕೊಂಡಿದ್ದರೆ ಗಾಜು ಕೈಯಲ್ಲೇ ಒಡೆಯುವ ಅಪಾಯ ಇದೆ. ದಪ್ಪ ಬಟ್ಟೆ ಸುತ್ತಿ ಒತ್ತಿ, ಆಚೆ ಈಚೆ ಮೆಲ್ಲಗೆ ಆಡಿಸಿ ತೆಗೆದೆ. ಬೆಳಕಿಗೆ ಹಿಡಿದು ನೋಡಿದರೆ ಅಂದಾಜು ಸರಿಯೇ. ದೊಡ್ಡ ಫಿಲಮೆಂಟ್ ಮಧ್ಯದಲ್ಲಿ ತುಂಡಾಗಿ ಒಂದು ತುದಿ ಜೋತುಬಿದ್ದಿತ್ತು. ಸಣ್ಣದು ಹಾಗೇ ಇತ್ತು. ಗಾಜಿನ ಒಳಗೆ ಮೇಲ್ಭಾಗದಲ್ಲಿ ಬೂದು ಕಪ್ಪು. ಫಿಲಮೆಂಟಿನ ಟಂಗ್‌ಸ್ಟನ್ ಉರಿದುರಿದು ಆವಿಯಾಗಿ ಗಾಜಿಗೆ ಅಂಟುವುದು ಹಾಗೆ. ಗಾಜಿನ ಒಳಗೆ ಬಿಳಿ ಪುಡಿ ಕಂಡರೆ ಕಥೆ ಬೇರೆ, ಬಲ್ಬಿಗೆ ಗಾಳಿ ಹೊಕ್ಕಿದೆ ಅಂತ ಅರ್ಥ.

ಹಳೇ ಬಲ್ಬನ್ನು ಕಿಸೆಗೆ ಹಾಕಿಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಬೇಕು. ಮಾತಿನಲ್ಲಿ ವಿವರಿಸುವುದಕ್ಕಿಂತ ಅದು ಸುಲಭ. ಅಂಗಡಿಯವರು "ಡಬಲ್ ಫಿಲಮೆಂಟ್ ಅಲ್ಲೇ?" ಎಂದು ಮಲಯಾಳದಲ್ಲಿ ಕೇಳಿ ಡಬ್ಬದಿಂದ ಒಂದು ತೆಗೆದು ಕೊಟ್ಟರು. ಬುಡದ ಮೇಲೆ 12 ವೋಲ್ಟ್, 21/5 ವಾಟ್ ಎಂದು ಬರೆದದ್ದನ್ನು ಓದಿಕೊಂಡೆ. ಬುಡದ ಎರಡು ಬದಿಯ ಮೊಳೆಗಳನ್ನೂ ನೋಡಿದೆ. ಡಬಲ್ ಫಿಲಮೆಂಟ್ ಬಲ್ಬಿನಲ್ಲಿ ಅವು ಒಂದೇ ಎತ್ತರದಲ್ಲಿ ಇರುವುದಿಲ್ಲ, ಒಂದು ಮೇಲೆ, ಒಂದು ಕೆಳಗೆ. ತಿರುಗಾಮುರುಗಾ ಹಾಕಬಾರದು ಅಂತಲೇ ಹಾಗೆ ಮಾಡಿದ್ದು. ಇಂಡಿಕೇಟರಿನ ಸಿಂಗಲ್ ಬಲ್ಬಿನಲ್ಲಿ ಎರಡೂ ಮೊಳೆ ಸಮ ಎತ್ತರ, ಅಡಿಯಲ್ಲಿ ಸೀಸದ ಚುಕ್ಕೆಯೂ ಎರಡಲ್ಲ, ಒಂದೇ. ಬೆಲೆ 30 ರೂಪಾಯಿ. ಅದಕ್ಕಿಂತ ಕಡಿಮೆಯದ್ದೂ ಇತ್ತು. ಎರಡನ್ನೂ ಬೆಳಕಿಗೆ ಹಿಡಿದೆ. ಕಡಿಮೆಯದ್ದರ ಫಿಲಮೆಂಟ್ ಓರೆಯಾಗಿ ಕೂತಿತ್ತು, ಅಡಿಯ ಸೀಸವೂ ಒಂದು ದಪ್ಪ ಒಂದು ತೆಳು. ನಮ್ಮ ರಸ್ತೆಯ ಕುಲುಕಾಟಕ್ಕೆ ಅದು ಬಾಳುವುದು ಕಷ್ಟ.

ಅವರು ಎಲ್‌ಇಡಿಯನ್ನೂ ತೋರಿಸಿದರು. ಎಲ್‌ಇಡಿಗೆ ಒಂದು ಒಳ್ಳೆಯ ಗುಣ ನಿಜವಾಗಿಯೂ ಉಂಟು. ಬ್ರೇಕ್ ಒತ್ತಿದ ಕ್ಷಣಕ್ಕೇ ಉರಿಯುತ್ತದೆ. ಫಿಲಮೆಂಟ್ ಕಾದು ಬೆಳಗಲು ಸೆಕೆಂಡಿನ ಒಂದು ಸಣ್ಣ ಪಾಲು ಬೇಕು. ಆದರೂ ನಾನು ತೆಗೆದುಕೊಳ್ಳಲಿಲ್ಲ. ಈ ಲೈಟಿನ ಹಿಂದಿನ ಹೊಳಪು ಬಟ್ಟಲನ್ನು ಫಿಲಮೆಂಟ್ ಇರುವ ಜಾಗಕ್ಕೆ ಸರಿಯಾಗಿ ಮಾಡಿದ್ದಾರೆ. ಸುಮ್ನೆ ಬಲ್ಬಿನ ಜಾಗಕ್ಕೆ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಹರಡುವ ರೀತಿಯೇ ಬೇರೆಯಾಗುತ್ತದೆ. ಅಗ್ಗದವುಗಳಲ್ಲಿ ಪಾರ್ಕ್ ಲೈಟಿಗೂ ಬ್ರೇಕ್ ಲೈಟಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಬ್ರೇಕ್ ಹಾಕಿದ್ದು ಹಿಂದಿನವನಿಗೆ ಗೊತ್ತಾಗದಿದ್ದರೆ ಎಷ್ಟು ಬೆಳಕಿದ್ದು ಏನು ಪ್ರಯೋಜನ?

ಮನೆಗೆ ಬಂದು ಕೀ ತೆಗೆದು, ಲೈಟಿನ ಸ್ವಿಚ್ಚೆಲ್ಲ ಆಫ್ ಮಾಡಿದ ಮೇಲೆ ಹೋಲ್ಡರಿಗೆ ಕೈ ಹಾಕಿದೆ. ಕರೆಂಟ್ ಇರುವಾಗ ಒಳಗೆ ಸ್ಕ್ರೂಡ್ರೈವರ್ ತಾಗಿದರೆ ಫ್ಯೂಸ್ ಹೋಗುತ್ತದೆ. ನಯವಾದ ಸ್ಯಾಂಡ್ ಪೇಪರನ್ನು ಪೆನ್ಸಿಲಿಗೆ ಸುತ್ತಿ ಒಳಬದಿಯ ಕಿಲುಬನ್ನು ಉಜ್ಜಿದೆ. ತಳದ ಎರಡು ಕಾಂಟ್ಯಾಕ್ಟನ್ನೂ ಉಜ್ಜಿದೆ. ಒತ್ತಿದರೆ ಅವು ಸ್ಪ್ರಿಂಗಿನಲ್ಲಿ ವಾಪಸ್ ಬರಬೇಕು, ಇಲ್ಲದಿದ್ದರೆ ಬಲ್ಬಿಗೆ ಸರಿಯಾಗಿ ತಾಗುವುದಿಲ್ಲ. ಒಂದು ಕಾಂಟ್ಯಾಕ್ಟ್ ಜಾಮ್ ಆಗಿತ್ತು. ಕಿಲುಬು ಹೋದ ಮೇಲೆ ಸರಿಯಾಯಿತು. ಪುಡಿಯನ್ನು ಊದಿ ತೆಗೆದು, ಬಲ್ಬಿನ ಮೊಳೆ ನೋಡಿ ಹೊಂದಿಸಿ, ಒತ್ತಿ ಬಲಕ್ಕೆ ತಿರುಗಿಸಿದೆ. ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬಿನ ಗಾಜಿಗೆ ಬೆರಳು ತಾಗಬಾರದು ಅನ್ನುತ್ತಾರಲ್ಲ, ಈ ಬಲ್ಬಿಗೆ ಅಷ್ಟು ಭಯ ಬೇಡ. ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಬ್ರೇಕ್ ಒತ್ತಿ ಮಗಳನ್ನು ಕೇಳಿದೆ.

"ಉರಿಯುತ್ತದೆ ಅಪ್ಪಾ. ಆದರೆ ಆಚೆ ಬದಿಯಷ್ಟು ಇಲ್ಲ."

"ಎಷ್ಟು ಕಡಿಮೆ?"

"ತುಂಬಾ ಕಡಿಮೆ. ಮತ್ತೆ, ನೀವು ಬ್ರೇಕ್ ಒತ್ತುವಾಗ ಹಳದಿ ಲೈಟೂ ಸಣ್ಣಗೆ ಉರಿಯುತ್ತಾ ಉಂಟು."

ಅವಳು ಅಷ್ಟು ಸರಿಯಾಗಿ ನೋಡಿ ಹೇಳಿದ್ದರಿಂದ ಅರ್ಧ ಕೆಲಸ ಆಯಿತು. ಹಳದಿ ಲೈಟ್ ಅಂದರೆ ಇಂಡಿಕೇಟರ್, ಬ್ರೇಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಪೆರ್ಲದ ಬ್ಯಾಟರಿ ಅಂಗಡಿಯ ಇಚ್ಚನಿಗೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ ಅವರು, "ಬಲ್ಬು ಅಲ್ಲ ಮಾರಾಯ್ರೇ, ಅರ್ತ್ ನೋಡಿ. ಅರ್ತ್ ಇಲ್ಲದ ಲೈಟ್ ಹಾಗೆಯೇ ಮಾಡುವುದು" ಎಂದರು.

ಗಾಡಿಯಲ್ಲಿ ಪ್ರತಿ ಲೈಟಿಗೂ ಕರೆಂಟ್ ಬರುವ ವಯರು ಬೇರೆ ಬೇರೆ. ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ ಮಾತ್ರ ಗಾಡಿಯ ಬಾಡಿಯೇ, ಅದಕ್ಕೇ ಅರ್ತ್ ಅನ್ನುವುದು. ಹಿಂದಿನ ಲೈಟಿನಲ್ಲಿ ಪಾರ್ಕ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲಕ್ಕೂ ಸೇರಿ ಬಾಡಿಗೆ ಹೋಗುವ ಅರ್ತ್ ವಯರು ಒಂದೇ. ಅದು ಕೆಟ್ಟರೆ ಬ್ರೇಕಿನ ಕರೆಂಟಿಗೆ ದಾರಿ ಇಲ್ಲ. ತೋಟದ ಕಣಿ ಕಟ್ಟಿಕೊಂಡರೆ ನೀರು ಪಕ್ಕದ ಸಾಲಿಗೆ ನುಗ್ಗುವ ಹಾಗೆ, ಅದು ಇಂಡಿಕೇಟರಿನ ಫಿಲಮೆಂಟ್ ಹೊಕ್ಕು ಅದರ ವಯರಿನಲ್ಲಿ ಹಿಂದಕ್ಕೆ ಹರಿದು, ಮುಂದಿನ ಇಂಡಿಕೇಟರ್ ಬಲ್ಬಿನ ಮೂಲಕ ಬಾಡಿ ಸೇರುತ್ತದೆ. ಅಷ್ಟು ಸುತ್ತಿ ಹೋಗುವಾಗ ಯಾವುದಕ್ಕೂ ಪೂರ್ತಿ ಶಕ್ತಿ ಸಿಗುವುದಿಲ್ಲ. ಬ್ರೇಕ್ ಲೈಟ್ ಮಂದ, ಹಳದಿ ಲೈಟ್ ಬೇಡದೆ ಉರಿಯುವುದು, ಎರಡೂ ಅದರಿಂದಲೇ.

ಇದನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ಒಂದು ತುಂಡು ವಯರಿನ ಎರಡು ತುದಿಯನ್ನೂ ಸುಲಿದು, ಒಂದು ತುದಿಯನ್ನು ಹೋಲ್ಡರಿನ ಹೊರಬದಿಯ ಲೋಹಕ್ಕೆ ಹಿಡಿದೆ. ಇನ್ನೊಂದನ್ನು ಬಾಡಿಯ ತುಕ್ಕಿಲ್ಲದ ಒಂದು ಬೋಲ್ಟಿಗೆ ತಾಗಿಸಿದೆ. ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಕೊಟ್ಟು ಒತ್ತಿ ನಿಲ್ಲಿಸಿದ್ದರಿಂದ ನನ್ನ ಕಣ್ಣಿಂದಲೇ ನೋಡಲು ಸಿಕ್ಕಿತು. ವಯರು ತಾಗಿದ ಕೂಡಲೇ ಬ್ರೇಕ್ ಲೈಟ್ ಝಗ್ಗೆಂದು ಪೂರ್ತಿ ಉರಿಯಿತು. ಹಳದಿ ಆರಿತು. ವಯರು ತೆಗೆದರೆ ಮತ್ತೆ ಮಂದ. ವರ್ಕ್‌ಶಾಪಿನಲ್ಲಿ ಎರಡು ನಿಮಿಷ ಇದನ್ನು ಮಾಡಿ ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು ಅಂತ ಬೇಸರವಾಯಿತು.

ಲೈಟಿನಿಂದ ಹೊರಟ ಕಪ್ಪು ವಯರನ್ನು ಹಿಡಿದು ಹೋದೆ. ಒಳಗಡೆ, ಮೂಲೆಯಲ್ಲಿ, ಒಂದು ಬೋಲ್ಟಿನಲ್ಲಿ ಅದು ಬಾಡಿಗೆ ಸೇರಿತ್ತು. ಬೋಲ್ಟಿನ ಅಡಿಯ ತಗಡು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ವಯರಿನ ತುದಿಯ ಥಿಂಬಲನ್ನು, ಅಂದರೆ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆಯನ್ನು, ಬೆರಳಲ್ಲಿ ಆಡಿಸಿದಾಗ ತುಂಡಾಗಿ ಕೈಗೇ ಬಂತು. ಸುಲಿದು ನೋಡಿದರೆ ತಾಮ್ರದ ಎಳೆಗಳು ಕಪ್ಪಾಗಿದ್ದವು. ಅಂಥ ಎಳೆಗೆ ಹೊಸ ಥಿಂಬಲ್ ಹಾಕಿ ಪ್ರಯೋಜನವಿಲ್ಲ. ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ವಯರನ್ನು ಹಿಂದಕ್ಕೆ ಕತ್ತರಿಸಿದೆ. ಗಿಡ್ಡವಾದದ್ದಕ್ಕೆ ಅದೇ ದಪ್ಪದ ತುಂಡು ಜೋಡಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿದೆ. ಹೊಸ ಥಿಂಬಲ್ ಒತ್ತಿ ಕೂರಿಸಿದೆ. ತಗಡನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಬಣ್ಣದ ಮೇಲೆ ಥಿಂಬಲ್ ಕೂರಿಸಿದರೆ ಅರ್ತ್ ಸಿಗುವುದಿಲ್ಲ, ಬಣ್ಣ ಕರೆಂಟನ್ನು ಬಿಡುವುದಿಲ್ಲ. ಬೋಲ್ಟ್ ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿದೆ. ಕಡಲ ಗಾಳಿ ನಮ್ಮ ಪೆರ್ಲದವರೆಗೆ ಅಷ್ಟು ಬರುವುದಿಲ್ಲ. ಕುಂಬಳೆ, ಮಂಜೇಶ್ವರ, ಉಪ್ಪಳದ ಕಡೆಯವರಿಗೆ ಉಪ್ಪುಗಾಳಿಯ ತೊಂದರೆ ಇನ್ನೂ ಜಾಸ್ತಿ, ಅವರು ಇದನ್ನು ಬಿಡಲೇಬಾರದು.

ಅಡಿಯ ತೂತಿನ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದೆ. ಸೀಳಿದ ಗ್ಯಾಸ್ಕೆಟ್ ತೆಗೆದು, ಅದೇ ಅಗಲದ ರಬ್ಬರ್ ಬೀಡಿಂಗ್ ಕೂರಿಸಿದೆ. ಸುತ್ತಲೂ ಸಿಲಿಕೋನ್ ತುಂಬಿಸಿ ಪೂರ್ತಿ ಮುಚ್ಚುವವರನ್ನು ನೋಡಿದ್ದೇನೆ. ಅದು ಸರಿಯಲ್ಲ. ಬಲ್ಬ್ ಉರಿದು ಆರುವಾಗ ಒಳಗೆ ಬೆವರು ಕೂರುತ್ತದೆ, ಅದಕ್ಕೆ ಹೋಗಲು ದಾರಿ ಬೇಕಲ್ವಾ? ಮುಂದಿನ ಸಲ ಬಲ್ಬ್ ಹೋದರೆ ಗ್ಲಾಸ್ ಒಡೆಯದೆ ತೆಗೆಯಲಿಕ್ಕೂ ಆಗುವುದಿಲ್ಲ. ಸ್ಕ್ರೂವಿಗೆ ಒಂದಿಷ್ಟು ಗ್ರೀಸ್ ಹಚ್ಚಿ, ಒಂದನ್ನೇ ಪೂರ್ತಿ ಬಿಗಿಯದೆ ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿದೆ. ರಬ್ಬರ್ ಒತ್ತಿ ಕೂತದ್ದು ಕಂಡ ಮೇಲೆ ನಿಲ್ಲಿಸಿದೆ. ಪೈಪಿನಲ್ಲಿ ಮೇಲಿನಿಂದ ನೀರು ಬಿಟ್ಟು ನೋಡಿದೆ. ಒಳಗೆ ಹನಿ ಕಾಣಲಿಲ್ಲ.

ಎಡಬದಿಯನ್ನೂ ಅವತ್ತೇ ಬಿಚ್ಚಿದೆ. ಉರಿಯುವ ಲೈಟಿನ ಒಳಗೂ ಅಷ್ಟೇ ಕಿಲುಬು ಇತ್ತು. ನಂಬರ್ ಪ್ಲೇಟಿನ ಲೈಟ್ ಯಾವಾಗಲೋ ಹೋಗಿತ್ತು, ಅದು ಬೇರೆ ಸಣ್ಣ ಬಲ್ಬ್, ಅದನ್ನೂ ಹಾಕಿದೆ. ಈಗ ಪರೀಕ್ಷಿಸಲು ಇನ್ನೊಬ್ಬರು ಬೇಕಾಗಿಲ್ಲ. ಕತ್ತಲಾದ ಮೇಲೆ ಅಂಗಳದ ಬಿಳಿ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಎರಡೂ ಬದಿಯ ಕೆಂಪು ಕನ್ನಡಿಯಲ್ಲಿ ಕಾಣುತ್ತದೆ. ತಿಂಗಳಿಗೊಮ್ಮೆ ನೋಡುತ್ತೇನೆ. ಪೇಟೆಯಲ್ಲಾದರೆ ಅಂಗಡಿಯ ಗಾಜಿನ ಬಾಗಿಲಿನ ಎದುರು ರಿವರ್ಸ್ ಹಾಕಿ ನಿಲ್ಲಿಸಿದರೂ ಆಗುತ್ತದೆ.

ಹಳೇ ಬಲ್ಬನ್ನು ಬಿಸಾಡಲಿಲ್ಲ. ಅದರ ಸಣ್ಣ ಫಿಲಮೆಂಟ್ ಸರಿ ಇದೆಯಲ್ಲ, ಅದಕ್ಕೆ ಎರಡು ವಯರು ಬೆಸುಗೆ ಹಾಕಿ, ಕರೆಂಟ್ ಬರುತ್ತದೋ ಅಂತ ನೋಡುವ ಟೆಸ್ಟ್ ಲ್ಯಾಂಪ್ ಮಾಡಿಕೊಂಡೆ. ಅದು ಮೊದಲು ಉಪಯೋಗಕ್ಕೆ ಬಂದದ್ದು ಮಾವನ ಪಿಕಪ್‌ಗೆ. ಅದರ ಪಾರ್ಕ್ ಲೈಟ್ ಹಾಕಿದರೆ ಎಡಬದಿ ಯಾವಾಗಲೂ ಬ್ರೇಕ್ ಲೈಟಿನಷ್ಟು ಜೋರಾಗಿ ಉರಿಯುತ್ತಿತ್ತು. ಬಿಚ್ಚಿ ನೋಡಿದರೆ ಯಾರೋ ಡಬಲ್ ಫಿಲಮೆಂಟ್ ಬಲ್ಬನ್ನು ತಿರುಗಾಮುರುಗಾ ಒತ್ತಿ ತುರುಕಿದ್ದರು. ಹೋಲ್ಡರಿನ ಸೀಳು ಬಾಗಿ ಹಾಳಾಗಿತ್ತು. "ಲೈಟ್ ಒಳ್ಳೆ ಬೆಳಕು ಉಂಟು ಅಂತ ನಾನು ಖುಷಿಯಲ್ಲಿದ್ದೆ ಮಾರಾಯ" ಎಂದರು ಮಾವ. ಹೋಲ್ಡರ್ ಹೊಸತೇ ಬೇಕು. ಪೆರ್ಲದಲ್ಲಿ ಸಿಗಲಿಲ್ಲ, ಕಾಸರಗೋಡಿನಿಂದ ತರಿಸಲು ಹೇಳಿದ್ದೇವೆ. ಬಂದ ದಿನವೇ ಹಾಕುವುದು, ಅಲ್ಲಿಯವರೆಗೆ ರಾತ್ರಿ ಪಿಕಪ್ ಹೊರಗೆ ತೆಗೆಯುವುದಿಲ್ಲ ಅಂತ ಮಾವ ಒಪ್ಪಿದ್ದಾರೆ.